ಕೆನ್ನೆ ಪಕ್ಕದ ಚಿಲಕ: ಹಿಂದುಮುಂದಾದ ಒಂದು ಕೋವಿಯ ಕಥೆ

ನಾನು ಎಡಚ. ಬರೆಯೋದು ಎಡಗೈ, ಚೆಂಡು ಎಸೆಯೋದು ಎಡಗೈ, ಬಾಗಿಲು ತೆಗೆಯೋದೂ ಎಡಗೈಯಲ್ಲೇ. ಊಟ ಒಂದನ್ನು ಮಾತ್ರ ಬಲಗೈಯಲ್ಲಿ ಮಾಡ್ತೀನಿ, ಅದೂ ಅಜ್ಜಿ ಕೊಟ್ಟ ಪೆಟ್ಟಿನ ಪುಣ್ಯ.

ಹೈಸ್ಕೂಲಿನಲ್ಲಿ ಎನ್‌ಸಿಸಿ ಸೇರಿದ್ದೆ. ಡ್ರಿಲ್ಲಿಗೆ ಹಳೇ ತ್ರೀ-ನಾಟ್-ತ್ರೀ ಕೋವಿ, ಗುಂಡು ಹೊಡೆಯೋಕೆ ಪಾಯಿಂಟ್ 22 ಕೋವಿ. ಕ್ಯಾಂಪಿನಲ್ಲಿ ಒಂದು ಬೆಳಿಗ್ಗೆ ನೆಲದ ಮೇಲೆ ಬೋರಲು ಮಲಗಿಸಿ ತಲಾ ಐದು ಗುಂಡು ಕೊಟ್ಟರು. ನಾನು ಅಭ್ಯಾಸಬಲದಿಂದ ಕೋವಿಯನ್ನು ಎಡ ಹೆಗಲಿಗೆ ಒತ್ತಿಕೊಂಡೆ. ಹವಾಲ್ದಾರ್ ಸಾಹೇಬರು ಬಂದವರೇ ಏನೂ ಮಾತಾಡದೆ ಕೋವಿ ಕಿತ್ತು ಬಲ ಹೆಗಲಿಗೆ ಇಟ್ಟು ಹೋದರು. ಬಲಗಣ್ಣಲ್ಲಿ ಗುರಿ ಹಿಡಿಯೋಕೆ ಬರದ ನಾನು ಹೇಗೋ ಐದೂ ಗುಂಡು ಹೊಡೆದೆ. ಆಮೇಲೆ ನೋಡಿದರೆ ನನ್ನ ಟಾರ್ಗೆಟ್ಟಿನಲ್ಲಿ ಒಂದೇ ಒಂದು ತೂತು. ಪಕ್ಕದ ಹುಡುಗನದ್ದರಲ್ಲಿ ಏಳು! ಐದು ಗುಂಡಿಗೆ ಏಳು ತೂತು ಮಾಡಿದ ಖ್ಯಾತಿ ಅವನಿಗೆ ಬಂತು. ಉಳಿದ ಎರಡು ಎಲ್ಲಿ ಹೋದವೋ ದೇವರೇ ಬಲ್ಲ.

ನಾನೇನೂ ಕೋವಿಪ್ರೇಮಿ ಅಲ್ಲ. ಆದರೆ ಅವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಉಳಿದುಬಿಟ್ಟಿದೆ. ಸಲಕರಣೆ ಮನುಷ್ಯನಿಗೆ ಹೊಂದಿಕೊಳ್ಳಬೇಕೋ, ಮನುಷ್ಯನೇ ಸಲಕರಣೆಗೆ ಹೊಂದಿಕೊಳ್ಳಬೇಕೋ? ಈ ಪ್ರಶ್ನೆಯನ್ನು ಇನ್ನಿಲ್ಲದಂತೆ ಕೆದಕುವ ಒಂದು ವಿಚಿತ್ರ ಕೋವಿಯ ಕಥೆ ಸಿಕ್ಕಿತು. ಅದನ್ನೇ ಇವತ್ತು ಹೇಳ್ತೀನಿ.

ಮೊದಲು ಸ್ವಲ್ಪ ಪಾಠ. ಬೋಲ್ಟ್ ಆಕ್ಷನ್ ಕೋವಿ ಅಂದರೆ ಏನು? ಮನೆಯ ಬಾಗಿಲಿನ ಹಳೇ ಕಬ್ಬಿಣದ ಚಿಲಕ ನೆನಪು ಮಾಡಿಕೊಳ್ಳಿ. ಹಿಡಿ ಮೇಲೆತ್ತಬೇಕು, ಹಿಂದಕ್ಕೆ ಎಳೆಯಬೇಕು, ಮುಂದಕ್ಕೆ ತಳ್ಳಬೇಕು, ಮತ್ತೆ ಕೆಳಗೆ ಒತ್ತಬೇಕು. ಕೋವಿಯದ್ದೂ ಇದೇ ನಾಲ್ಕು ಹೆಜ್ಜೆ. ಹಿಂದಕ್ಕೆ ಎಳೆದಾಗ ಸುಟ್ಟ ತೋಟೆಯ ಖಾಲಿ ಕೊಳವೆ ಹೊರಗೆ ಹಾರುತ್ತೆ, ಮುಂದಕ್ಕೆ ತಳ್ಳಿದಾಗ ಹೊಸ ತೋಟೆ ನಳಿಗೆಯ ಹಿಂಬದಿಗೆ ಹೋಗಿ ಕೂರುತ್ತೆ, ಹಿಡಿ ಕೆಳಗೆ ಒತ್ತಿದಾಗ ಚಿಲಕ ಬಿಗಿಯಾಗುತ್ತೆ. ಈ ಚಿಲಕ ಸಾಮಾನ್ಯವಾಗಿ ಟ್ರಿಗರಿನ ಮೇಲ್ಗಡೆ, ಕೋವಿಯ ನಡುವೆ ಇರುತ್ತೆ. ಅದರ ಹಿಂದೆ ಹೆಗಲಿಗೆ ಒತ್ತಿಕೊಳ್ಳೋ ಮರದ ಬಟ್ಟು.

ಈಗ ಯೋಚಿಸಿ. ಆ ಬಟ್ಟು ಒಂದಡಿಗೂ ಹೆಚ್ಚು ಉದ್ದದ ಮರದ ತುಂಡು. ಹೆಗಲಿಗೆ ಆನಿಸೋದು, ಕೆನ್ನೆ ಇಡೋದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಇಲ್ಲ. ಚಿಲಕ, ತೋಟೆಯ ಡಬ್ಬಿ ಎಲ್ಲವನ್ನೂ ಹಿಂದಕ್ಕೆ ತಳ್ಳಿ ಆ ಜಾಗದಲ್ಲೇ ಕೂರಿಸಿ, ಹಿಡಿ ಮತ್ತು ಟ್ರಿಗರನ್ನು ಮಾತ್ರ ಮುಂದಕ್ಕೆ ತಂದರೆ? ನಳಿಗೆ ಒಂದಿಂಚೂ ಕಡಿಮೆ ಆಗದೆ ಕೋವಿ ಗಿಡ್ಡ ಆಗುತ್ತೆ! ಹೀಗೆ ಮಾಡಿದ ಕೋವಿಗೆ ಬುಲ್‌ಪಪ್ ಅಂತ ಹೆಸರು. ಹೆಸರು ಆಮೇಲೆ ಬಂದದ್ದು, ಯೋಚನೆ ಮಾತ್ರ ಬಹಳ ಹಳೇದು. 1866ರಲ್ಲೇ ವಿಲಿಯಂ ಕರ್ಟಿಸ್ ಎಂಬಾತ ಇಂಗ್ಲೆಂಡಿನಲ್ಲಿ ಇಂಥದ್ದೊಂದು ವಿನ್ಯಾಸಕ್ಕೆ ಪೇಟೆಂಟ್ ಪಡೆದಿದ್ದ. ಅದು ಹೆಗಲಿಗೆ ಒತ್ತಿಕೊಳ್ಳೋದಲ್ಲ, ಹೆಗಲ ಮೇಲೆ ಹೊತ್ತುಕೊಂಡು ಹೊಡೆಯೋದು.

ನಿಜವಾದ ಕಥೆ ಶುರುವಾಗೋದು ದಕ್ಷಿಣ ಆಫ್ರಿಕಾದಿಂದ.

1899ರ ಅಕ್ಟೋಬರಿನಲ್ಲಿ ಬ್ರಿಟಿಷರಿಗೂ ಬೋಯರ್ ರೈತರಿಗೂ ಯುದ್ಧ ಹತ್ತಿಕೊಂಡಿತು. ಜಗತ್ತಿನ ಅತಿದೊಡ್ಡ ಸಾಮ್ರಾಜ್ಯ ಒಂದು ಕಡೆ, ಕುದುರೆ ಹತ್ತಿದ ರೈತರು ಇನ್ನೊಂದು ಕಡೆ. ಡಿಸೆಂಬರಿನ ಒಂದೇ ವಾರದಲ್ಲಿ ಸ್ಟಾರ್ಮ್‌ಬರ್ಗ್, ಮಾಗರ್ಸ್‌ಫಾಂಟೈನ್, ಕೊಲೆನ್ಸೊ ಹೀಗೆ ಮೂರು ಕಡೆ ಬ್ರಿಟಿಷರು ಸೋತರು. ಬೋಯರರ ಕೈಯಲ್ಲಿದ್ದದ್ದು ಜರ್ಮನಿಯ ಮೌಸರ್. ಅದಕ್ಕೆ ಒಂದು ಪಟ್ಟಿಯಲ್ಲಿ ಜೋಡಿಸಿದ ಐದು ತೋಟೆಗಳನ್ನು ಒಂದೇ ಒತ್ತಿಗೆ ತುಂಬಬಹುದಿತ್ತು. ಬ್ರಿಟಿಷರ ಲೀ-ಎನ್‌ಫೀಲ್ಡ್ ಡಬ್ಬಿಯಲ್ಲಿ ಹತ್ತು ತೋಟೆ ಹಿಡಿಯುತ್ತಿತ್ತು ನಿಜ, ಆದರೆ ಒಂದೊಂದಾಗಿ ತುಂಬಬೇಕು. ಸಾಲದ್ದಕ್ಕೆ ಯುದ್ಧದ ಗಡಿಬಿಡಿಯಲ್ಲಿ ಬಂದ ಕೆಲವು ಕೋವಿಗಳ ಗುರಿಕಡ್ಡಿಯೇ ಸೊಟ್ಟ ಇದ್ದು, ಗುಂಡು ಬಲಕ್ಕೆ ಹೋಗುತ್ತಿತ್ತಂತೆ. (ಎನ್‌ಸಿಸಿಯ ನನ್ನ ಗುಂಡುಗಳೂ ಪಕ್ಕಕ್ಕೆ ಹೋದವು. ಆದರೆ ಪಾಪ ಕೋವಿಯದ್ದೇನೂ ತಪ್ಪಿರಲಿಲ್ಲ!)

ಈ ಯುದ್ಧಕ್ಕೂ ನಮಗೂ ನಂಟು ಇಲ್ಲದಿಲ್ಲ. ಗಾಂಧೀಜಿ ಅಲ್ಲಿ ಭಾರತೀಯರ ಆಂಬ್ಯುಲೆನ್ಸ್ ದಳ ಕಟ್ಟಿಕೊಂಡು ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತದ್ದು ಎಲ್ಲರಿಗೂ ಗೊತ್ತು. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದು. ಸೆರೆಸಿಕ್ಕ ಬೋಯರರನ್ನು ಬ್ರಿಟಿಷರು ಹಡಗು ಹತ್ತಿಸಿ ದೂರದ ದೇಶಗಳಿಗೆ ಸಾಗಿಸಿದರು. ಸುಮಾರು 9 ಸಾವಿರ ಮಂದಿ ಬಂದದ್ದು ಭಾರತಕ್ಕೆ. ಅವರನ್ನಿಟ್ಟ ಊರುಗಳಲ್ಲಿ ನಮ್ಮ ಬಳ್ಳಾರಿಯೂ ಒಂದು! ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆಫ್ರಿಕಾದ ಹುಲ್ಲುಗಾವಲಿನಲ್ಲಿ ಮೌಸರ್ ಹಿಡಿದು ಸಾಮ್ರಾಜ್ಯವನ್ನು ನಡುಗಿಸಿದ ರೈತರು ಬಳ್ಳಾರಿಯ ಬಿಸಿಲಿನಲ್ಲಿ ಕೂತು ಯುದ್ಧ ಮುಗಿಯೋದನ್ನು ಕಾದರು.

ಇರಲಿ, ಕೋವಿಗೆ ಬರೋಣ.

ಯುದ್ಧ ಕಲಿಸಿದ ಇನ್ನೊಂದು ಪಾಠ ಕೋವಿಯ ಉದ್ದದ ಬಗ್ಗೆ. ಕಾಲಾಳಿನ ಲೀ-ಎನ್‌ಫೀಲ್ಡ್ ಕೋವಿ ಹೆಚ್ಚುಕಡಿಮೆ ನಾಲ್ಕಡಿ ಉದ್ದ, ಅಂದರೆ 49.5 ಇಂಚು. ಕುದುರೆ ಮೇಲೆ ಅದು ದೊಡ್ಡ ತೊಡಕು. ಕುದುರೆ ಸವಾರರಿಗೆ ಗಿಡ್ಡ ನಳಿಗೆಯ ಬೇರೆ ಕಾರ್ಬೈನ್ ಇತ್ತು, ಆದರೆ ಅದರ ಗುಂಡಿಗೆ ದೂರದ ಗುರಿಯಲ್ಲಿ ಮೌಸರ್ ಮುಂದೆ ನಿಲ್ಲೋ ತಾಕತ್ತಿಲ್ಲ. ಗಿಡ್ಡ ಇರಬೇಕು, ಆದರೆ ನಳಿಗೆ ಉದ್ದ ಇರಬೇಕು. ಎರಡೂ ಒಟ್ಟಿಗೆ ಹೇಗೆ?

1901ರ ಜುಲೈನಲ್ಲಿ ಜೇಮ್ಸ್ ಬೇರ್ಡ್ ಥಾರ್ನಿಕ್ರಾಫ್ಟ್ ಎಂಬಾತ ಇದಕ್ಕೊಂದು ಉತ್ತರ ತಂದ. (ಸ್ಪಿಯನ್ ಕಾಪ್ ಗುಡ್ಡದ ಕದನದಲ್ಲಿ ಹೆಸರು ಮಾಡಿದ ಅಲೆಕ್ಸಾಂಡರ್ ಥಾರ್ನಿಕ್ರಾಫ್ಟ್ ಬೇರೆ, ಈತ ಬೇರೆ.) ಅವನ ಕಾರ್ಬೈನ್ ನೋಡಿದರೆ ಮೊದಲು ನಗು ಬರುತ್ತೆ. ಯಾರೋ ಬಟ್ಟನ್ನು ಗರಗಸದಲ್ಲಿ ಕೊಯ್ದುಬಿಟ್ಟ ಹಾಗಿದೆ! ಚಿಲಕದ ಮನೆ ಮುಗಿಯುತ್ತಿದ್ದ ಹಾಗೇ ಹೆಗಲಿಗೆ ಒತ್ತಿಕೊಳ್ಳೋ ತಟ್ಟೆ. ಹಿಡಿ ಮತ್ತು ಟ್ರಿಗರ್ ಎಲ್ಲೋ ಮುಂದೆ. ಒಳಗೆ ಐದು ತೋಟೆ, ಅದೇ ತ್ರೀ-ನಾಟ್-ತ್ರೀ. ಆಗಿನ ಲೀ-ಎನ್‌ಫೀಲ್ಡಿಗಿಂತ ಏಳೂವರೆ ಇಂಚು ಗಿಡ್ಡ, ತೂಕ ಶೇ. 10ರಷ್ಟು ಕಡಿಮೆ. ಕಾಗದದ ಮೇಲೆ ಇದಕ್ಕಿಂತ ಜಾಣ ಪರಿಹಾರ ಇನ್ನೊಂದಿಲ್ಲ. ಅದೇ ಹೊತ್ತಿನಲ್ಲಿ ಮೇಜರ್ ಗಾಡ್ಸಲ್ ಎಂಬ ಇನ್ನೊಬ್ಬರೂ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿದ್ದರು.

ಥಾರ್ನಿಕ್ರಾಫ್ಟ್ ಕೋವಿ ಪರೀಕ್ಷೆಗೆ ಹೋದದ್ದು ಕೆಂಟ್ ಸೀಮೆಯ ಹೈಥ್ ಎಂಬಲ್ಲಿಗೆ. ಬ್ರಿಟಿಷ್ ಸೇನೆಯ ಬಂದೂಕು ಶಾಲೆ ಇದ್ದದ್ದು ಅಲ್ಲೇ. ಫಲಿತಾಂಶ: ಹೆಗಲಿಗೆ ಹೊಡೆತ ವಿಪರೀತ, ಹಿಡಿದು ಬಳಸೋದು ಕಷ್ಟ. ತಿರಸ್ಕಾರ!

ಎಲ್ಲಿ ಎಡವಿತು ಅಂತ ಒಂದೊಂದಾಗಿ ಬಿಡಿಸಿ ನೋಡೋಣ. ಯಾಕಂದರೆ ಮುಂದಿನ ನೂರು ವರ್ಷ ಬುಲ್‌ಪಪ್ ಕಟ್ಟಿದವರೆಲ್ಲ ಇದೇ ಕಲ್ಲುಗಳಿಗೆ ಎಡವಿದ್ದಾರೆ.

ಒಂದು, ಚಿಲಕ ಇರೋ ಜಾಗ. ಮಾಮೂಲಿ ಕೋವಿಯಲ್ಲಿ ಟ್ರಿಗರ್ ಒತ್ತಿದ ಕೈ ಒಂದು ಗೇಣು ಸರಿದರೆ ಚಿಲಕ ಸಿಗುತ್ತೆ. ಕೋವಿಯನ್ನು ಹೆಗಲಿಂದ ಇಳಿಸದೆ, ಗುರಿಯಿಂದ ಕಣ್ಣು ತೆಗೆಯದೆ ಹೊಡೆಯುತ್ತಾ ಹೋಗಬಹುದು. ಪಳಗಿದ ಬ್ರಿಟಿಷ್ ಸಿಪಾಯಿ ಲೀ-ಎನ್‌ಫೀಲ್ಡಿನಲ್ಲಿ ನಿಮಿಷಕ್ಕೆ 15 ಗುರಿಯಿಟ್ಟ ಗುಂಡು ಹೊಡೆಯುತ್ತಿದ್ದದ್ದು ಹೀಗೇ. ಬುಲ್‌ಪಪ್‌ನಲ್ಲಿ ಚಿಲಕ ಇರೋದು ಕೆನ್ನೆಯ ಪಕ್ಕ. ಹಿಂದಕ್ಕೆ ಎಳೆದರೆ ಮುಖದ ಹತ್ತಿರಕ್ಕೇ ಬರುತ್ತೆ. ಮೊಣಕೈಯನ್ನು ಕೋಳಿ ರೆಕ್ಕೆಯ ಹಾಗೆ ಹಿಂದೆ ಮಡಚಬೇಕು, ತಲೆ ಎತ್ತಬೇಕು. ತಲೆ ಎತ್ತಿದಿರಿ ಅಂದರೆ ಗುರಿ ತಪ್ಪಿತು. ಕಂದಕದಲ್ಲಿದ್ದವನು ತಲೆ ಎತ್ತಿದರೆ ಏನಾಗುತ್ತೆ ಅಂತ ಬೇರೆ ಹೇಳಬೇಕಿಲ್ಲ.

ಎರಡು, ಭಯ. ತೋಟೆಯೊಳಗಿನ ಸ್ಫೋಟ ನಡೆಯೋದು ಕೆನ್ನೆಯ ಕೆಳಗೇ. ಎಲ್ಲೋ ಸಾವಿರಕ್ಕೊಂದು ತೋಟೆ ಹಿಂಬದಿಯಿಂದ ಸೀಳಿದರೂ ಬಿಸಿ ಗಾಳಿ ನುಗ್ಗೋದು ಮುಖಕ್ಕೆ. ಮಾಮೂಲಿ ಕೋವಿಯಲ್ಲೂ ಈ ಅಪಾಯ ಇದೆ, ಆದರೆ ನಡುವೆ ಸ್ವಲ್ಪ ದೂರ ಇದೆ.

ಮೂರು, ಟ್ರಿಗರ್. ಮಾಮೂಲಿ ಕೋವಿಯಲ್ಲಿ ಬೆರಳು ಒತ್ತೋ ಜಾಗದ ಮೇಲೇ ಕೆಲಸ ನಡೆಯೋ ಜಾಗ. ಬುಲ್‌ಪಪ್‌ನಲ್ಲಿ ಬೆರಳು ಮುಂದೆ, ಕೆಲಸ ಹಿಂದೆ. ನಡುವೆ ಉದ್ದನೆ ಕಡ್ಡಿಯೋ ಸರಳೋ ಬೇಕು. ಹಳೇ ಸೈಕಲ್ಲಿನ ಸಡಿಲ ಬ್ರೇಕ್ ವಯರ್ ಗೊತ್ತಲ್ಲ? ಹಿಡಿ ಪೂರ್ತಿ ಒತ್ತಿದ ಮೇಲೆ ಯಾವಾಗಲೋ ಚಕ್ರ ಹಿಡಿಯುತ್ತೆ. ಹಾಗೇ ಇದೂ. ಗುರಿಕಾರನಿಗೆ ಬೇಕಾದ ಆ ಖಚಿತ 'ಟಕ್' ಸಿಗೋದಿಲ್ಲ.

ನಾಲ್ಕು, ತೂಕ. ಹಗುರ ಮಾಡಿದ್ದೇ ಮುಳುವಾಯಿತು. ಅದೇ ಶಕ್ತಿಯ ತೋಟೆ, ಹಗುರ ಕೋವಿ. ಹೆಗಲಿಗೆ ಒದೆತ ಜಾಸ್ತಿ ಆಗದೆ ಇನ್ನೇನು?

ಐದು, ಎಡಚರು. ಇಲ್ಲಿ ನಾನು ಮಾತಾಡಬೇಕು! ಮಾಮೂಲಿ ಬೋಲ್ಟ್ ಕೋವಿಯನ್ನು ಎಡ ಹೆಗಲಿಗಿಟ್ಟರೆ ಕಷ್ಟ ಆಗುತ್ತೆ, ಅಸಾಧ್ಯ ಅಲ್ಲ. ಚಿಲಕ ಬಲಕ್ಕಿದ್ದರೂ ಕೈ ಆಚೆ ಚಾಚಿ ಎಳೆಯಬಹುದು. ಬಲಕ್ಕೆ ತೆರೆಯೋ ಬುಲ್‌ಪಪ್ ಅನ್ನು ಎಡ ಹೆಗಲಿಗೆ ಇಟ್ಟರೆ ಚಿಲಕದ ಹಿಡಿ ಕೆನ್ನೆಗೇ ಚುಚ್ಚುತ್ತೆ. ಮುಂದೆ ತನ್ನಷ್ಟಕ್ಕೆ ತಾನೇ ಹೊಡೆಯೋ ಕೋವಿಗಳು ಬಂದಾಗ ಇದು ಇನ್ನೂ ಕೆಟ್ಟಿತು, ಬಿಸಿ ಖಾಲಿ ತೋಟೆ ನೇರ ಮುಖಕ್ಕೆ ಹಾರುತ್ತೆ.

ಆದರೆ ಈ ಕೋವಿ ಬಿದ್ದುಹೋದದ್ದು ಬರೀ ಈ ದೋಷಗಳಿಂದ ಅಲ್ಲ ಅಂತ ನನಗನ್ನಿಸುತ್ತೆ. ದೋಷ ತಿದ್ದಬಹುದು. ಸೋತ ನಿಜವಾದ ಕಾರಣ, ಅದು ಉತ್ತರ ಕೊಟ್ಟ ಪ್ರಶ್ನೆಗೆ ಇನ್ನೊಬ್ಬರು ಸುಲಭದ ಉತ್ತರ ಕೊಟ್ಟರು. ಎನ್‌ಫೀಲ್ಡ್ ಕಾರ್ಖಾನೆಯವರು ಕೋವಿಯನ್ನು ಹಿಂದುಮುಂದು ಮಾಡಲಿಲ್ಲ, ನಳಿಗೆಯನ್ನೇ ಐದಿಂಚು ಕಡಿಮೆ ಮಾಡಿದರು. 30 ಇಂಚಿದ್ದದ್ದು 25 ಆಯಿತು, ಕೋವಿಯ ಒಟ್ಟು ಉದ್ದ 44.5 ಇಂಚು. ಕಾಲಾಳಿಗೂ ಅದೇ, ಕುದುರೆ ಸವಾರನಿಗೂ ಅದೇ. ಮೌಸರಿನ ಹಾಗೆ ಪಟ್ಟಿಯಿಂದ ಐದೈದು ತೋಟೆ ತುಂಬೋ ಏರ್ಪಾಡೂ ಸೇರಿತು. ಗುರಿಕಾರರು ಮೊದಲಿಗೆ ಗೊಣಗಿದರು. ಆದರೆ 1907ರಲ್ಲಿ ಬಂದ ಅದರ ಮೂರನೇ ಮಾದರಿ ಎರಡು ಮಹಾಯುದ್ಧಗಳನ್ನು ಕಂಡಿತು. ನಮ್ಮ ಬಂಗಾಳದ ಇಛಾಪುರ ಕಾರ್ಖಾನೆಯಲ್ಲೂ ತಯಾರಾಯಿತು. ನಮ್ಮ ಪೊಲೀಸ್ ಪೇದೆಯ ಹೆಗಲಲ್ಲಿ ದಶಕಗಳ ಕಾಲ ನೇತಾಡಿತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ದಿನ! ಎನ್‌ಸಿಸಿಯಲ್ಲಿ ನಾನು ಹೊತ್ತು ತಿರುಗಿದ್ದೂ ಅದರ ವಂಶದ್ದೇ.

ಥಾರ್ನಿಕ್ರಾಫ್ಟ್ ಸೋತರೂ ಅವನ ಯೋಚನೆ ಸಾಯಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಜರ್ಮನರ ಹಿಡಿತದಲ್ಲಿದ್ದ ಚೆಕ್ ನಾಡಿನ ಬ್ರ್ನೋ ಊರಿನ ಎಂಜಿನಿಯರುಗಳು ಈ ಚಿಲಕದ ಒಗಟಿಗೆ ಒಂದು ಚೆಂದದ ಉತ್ತರ ಕಂಡುಹಿಡಿದರು. (ಬ್ರೆನ್ ಗನ್ ಹೆಸರಿನ ಮೊದಲರ್ಧ ಬಂದದ್ದು ಇದೇ ಬ್ರ್ನೋ ಊರಿಂದ, ಉಳಿದರ್ಧ ಎನ್‌ಫೀಲ್ಡಿಂದ.) ಟ್ಯಾಂಕುಗಳ ತಗಡು ತೂರೋದಕ್ಕೆ ಮಾಡಿದ ಎಂ.ಎಸ್‌ಎಸ್.41 ಎಂಬ ದೊಡ್ಡ ಕೋವಿ ಅದು. ಅದರಲ್ಲಿ ಚಿಲಕ ಅಲ್ಲಾಡೋದೇ ಇಲ್ಲ! ಬಟ್ಟಿನೊಳಗೆ ಗಟ್ಟಿಯಾಗಿ ಕೂತಿರುತ್ತೆ. ಅದರ ಬದಲು ಕೈಯಲ್ಲಿ ಹಿಡಿದ ಹಿಡಿಯನ್ನೇ ತಿರುಗಿಸಿ ಮುಂದಕ್ಕೆ ತಳ್ಳಿದರೆ ನಳಿಗೆ ಮುಂದಕ್ಕೆ ಜಾರುತ್ತೆ, ಖಾಲಿ ತೋಟೆ ಹೊರಗೆ. ಹಿಂದಕ್ಕೆ ಎಳೆದರೆ ಹೊಸ ತೋಟೆ ಒಳಗೆ. ಚಿಲಕ ಕೆನ್ನೆಗೆ ಬರುತ್ತೆ ಅಂದರೆ ಬಾಗಿಲನ್ನೇ ಸರಿಸೋಣ ಅನ್ನೋ ಜಾಣತನ. ಅದು ಯಾರ ಕೈಗೆ ಹೋಗಿ ಬಿತ್ತು ಅನ್ನೋದು ಬೇರೆ ಮಾತು. ಹಿಟ್ಲರನ ಎಸ್‌ಎಸ್ ಪಡೆಗೆ. ಒಳ್ಳೆ ತಲೆ ಕೆಟ್ಟ ಕೆಲಸಕ್ಕೆ ಬಳಕೆಯಾಗೋದು ಕೋವಿಯ ಚರಿತ್ರೆಯಲ್ಲಿ ಹೊಸದೇನಲ್ಲ.

ಯುದ್ಧ ಮುಗಿದ ಮೇಲೆ ತನ್ನಷ್ಟಕ್ಕೆ ತಾನೇ ತೋಟೆ ತುಂಬಿಕೊಳ್ಳೋ ಕೋವಿಗಳ ಕಾಲ ಬಂತು. ಕೈಯಲ್ಲಿ ಚಿಲಕ ಎಳೆಯೋ ಕೆಲಸವೇ ಇಲ್ಲ ಅಂದಮೇಲೆ ಬುಲ್‌ಪಪ್‌ನ ದೊಡ್ಡ ದೋಷವೂ ತಾನಾಗೇ ಮಾಯ! ಸೈನಿಕರು ಕಬ್ಬಿಣದ ಗಾಡಿಗಳೊಳಗೆ ಕೂತು ಹೋಗುವಾಗ ಉದ್ದ ಕೋವಿ ಮತ್ತೆ ತೊಡಕಾಯಿತು. 1951ರಲ್ಲಿ ಬ್ರಿಟನ್ ಇಎಂ-2 ಎಂಬ ಬುಲ್‌ಪಪ್ ಅನ್ನು ಒಪ್ಪಿಕೊಂಡೂ ಆಗಿತ್ತು, ಅದೇ ವರ್ಷ ಅಧಿಕಾರಕ್ಕೆ ಮರಳಿದ ಚರ್ಚಿಲ್ ಸರಕಾರ ಅದನ್ನು ಕೈಬಿಟ್ಟಿತು. ಕೊನೆಗೆ 1977ರಲ್ಲಿ ಆಸ್ಟ್ರಿಯದ ಸ್ಟೈರ್ ಆಗ್, ಮರುವರ್ಷ ಫ್ರಾನ್ಸಿನ ಫಾಮಾಸ್, 1985ರಲ್ಲಿ ಬ್ರಿಟನ್ನಿನ ಎಸ್‌ಎ80, 1990ರ ದಶಕದಲ್ಲಿ ಚೀನಾದ ಕ್ಯುಬಿಝಡ್-95 ಸಾಲಾಗಿ ಬಂದವು.

ಇಲ್ಲಿ ಎಡಚರ ಕಥೆ ಮತ್ತೆ ಬರುತ್ತೆ. ಆಸ್ಟ್ರಿಯದವರು, ಫ್ರೆಂಚರು ನಮ್ಮನ್ನು ಮರೆಯಲಿಲ್ಲ. ಒಂದೆರಡು ಭಾಗ ಬದಲಿಸಿದರೆ ಅವರ ಕೋವಿ ಎಡಕ್ಕೆ ತೋಟೆ ಉಗುಳುತ್ತೆ. ಬೆಲ್ಜಿಯಂನವರು ಎಫ್2000 ಕೋವಿಯಲ್ಲಿ ಖಾಲಿ ತೋಟೆಯನ್ನು ಒಳಗೊಳಗೇ ಸಾಗಿಸಿ ಮುಂದಿನಿಂದ ಹೊರಹಾಕಿದರು, ಎಡ ಬಲದ ಜಗಳವೇ ಇಲ್ಲ. ಬ್ರಿಟಿಷರು ಮಾತ್ರ ಸುಲಭದ ದಾರಿ ಹಿಡಿದರು. ಎಲ್ಲಾ ಸೈನಿಕರೂ ಬಲ ಹೆಗಲಿಂದಲೇ ಹೊಡೆಯಲಿ, ಅಷ್ಟೇ! ನಮ್ಮ ಹವಾಲ್ದಾರ್ ಸಾಹೇಬರದ್ದೂ ಇದೇ ಸಿದ್ಧಾಂತ.

ಎಸ್‌ಎ80ಯ ಗೋಳು ಅಷ್ಟಕ್ಕೇ ಮುಗಿಯಲಿಲ್ಲ. ಮೈಗೆ ತಾಗಿದರೆ ತೋಟೆ ಡಬ್ಬಿ ಕಳಚಿ ಬೀಳೋದು, ಸೊಳ್ಳೆಗೆ ಹಚ್ಚಿಕೊಳ್ಳೋ ಎಣ್ಣೆ ತಾಗಿ ಪ್ಲಾಸ್ಟಿಕ್ ಭಾಗ ಹಾಳಾಗೋದು, ಮರಳು ಹೊಕ್ಕರೆ ಸಿಕ್ಕಿಹಾಕಿಕೊಳ್ಳೋದು. 1991ರ ಕೊಲ್ಲಿ ಯುದ್ಧದಲ್ಲಿ ಸೈನಿಕರು ದೂರಿದರು. ದೂರುಗಳನ್ನು ಒಟ್ಟು ಮಾಡಿದ ವರದಿ ಹೊರಬಿದ್ದಾಗ ರಕ್ಷಣಾ ಇಲಾಖೆ ಮೊದಲು ಅದು ನಿಜವಾದ ವರದಿಯೇ ಅಲ್ಲ ಅಂದಿತು. ಆಮೇಲೆ ಒಪ್ಪಿಕೊಂಡಿತು. ಪೂರ್ತಿ ರಿಪೇರಿ ಶುರುವಾದದ್ದು 2000ದ ಹೊತ್ತಿಗೆ, ಅದೂ ಜರ್ಮನಿಯ ಹೆಕ್ಲರ್ ಅಂಡ್ ಕಾಕ್ ಕಂಪನಿಯಿಂದ. ಸುಮಾರು 2 ಲಕ್ಷ ಕೋವಿಗಳು, 9 ಕೋಟಿ 20 ಲಕ್ಷ ಪೌಂಡ್ ಖರ್ಚು. ನಡುವಿನ ಒಂಬತ್ತು ವರ್ಷ ಅದೇ ಕೋವಿ ಹಿಡಿದು ಸೈನಿಕರು ಯುದ್ಧಭೂಮಿಗೆ ಹೋದರಲ್ಲ, ಅವರ ಲೆಕ್ಕ ಎಲ್ಲಿದೆ? ಹೈಥ್ ಪರೀಕ್ಷಕರ ಮೇಲೆ ನನಗೆ ಗೌರವ ಹುಟ್ಟಿದ್ದು ಇದನ್ನು ಓದಿದ ಮೇಲೆ. ಅವರು ಕೋವಿಯನ್ನು ಹೆಗಲಿಗಿಟ್ಟು ನೋಡಿದರು, ನೋವಾಯಿತು, ನೋವಾಯಿತು ಅಂತ ಬರೆದರು.

ಹಾಗಾದರೆ ಚಿಲಕದ ಬುಲ್‌ಪಪ್ ಪೂರ್ತಿ ಸತ್ತೇಹೋಯಿತಾ? ಇಲ್ಲ! ತಮಾಷೆ ಇರೋದೇ ಇಲ್ಲಿ. ನೂರು ವರ್ಷದ ನಂತರ ಅದು ತನ್ನ ಸರಿಯಾದ ಮನೆ ಸೇರಿತು. ದೂರದಿಂದ ಅವಿತು ಗುಂಡು ಹೊಡೆಯೋ ಸ್ನೈಪರ್‌ಗಳ ಕೈಗೆ. ಜರ್ಮನಿಯ ಡಿಎಸ್‌ಆರ್-1, ರಷ್ಯಾದ ವಿಖ್ಲೋಪ್, 2008ರ ಹೊತ್ತಿಗೆ ಬಂದ ಅಮೆರಿಕದ ಡೆಸರ್ಟ್ ಟೆಕ್ ಎಸ್‌ಆರ್‌ಎಸ್. ಈ ಕೊನೆಯದರಲ್ಲಿ 26 ಇಂಚಿನ ನಳಿಗೆ ಇದ್ದರೂ ಇಡೀ ಕೋವಿ ಸುಮಾರು 38 ಇಂಚು. ನಳಿಗೆ ಬದಲಿಸಿ ಬೇರೆ ತೋಟೆಗೂ ಹೊಂದಿಸಬಹುದು. ಕಾರಣ ಸರಳ. ಸ್ನೈಪರ್‌ಗೆ ನಿಮಿಷಕ್ಕೆ 15 ಗುಂಡು ಬೇಡ, ಒಂದು ಸಾಕು. ಚಿಲಕ ನಿಧಾನವಾದರೂ ಪರವಾಗಿಲ್ಲ. ಆದರೆ ಉದ್ದ ನಳಿಗೆ ಬೇಕೇ ಬೇಕು, ಹೊತ್ತು ತೆವಳೋಕೆ ಗಿಡ್ಡ ಇರಬೇಕು. ಥಾರ್ನಿಕ್ರಾಫ್ಟ್ ಯೋಚನೆ ತಪ್ಪಾಗಿರಲಿಲ್ಲ, ಅವನು ಅದನ್ನು ಕೊಟ್ಟದ್ದು ತಪ್ಪು ಜನಕ್ಕೆ.

ಇತ್ತ ಮಾಮೂಲಿ ಸೈನಿಕನ ಕೈಯಿಂದ ಬುಲ್‌ಪಪ್ ಮತ್ತೆ ಜಾರುತ್ತಿದೆ. ಫ್ರಾನ್ಸ್ 2016ರಲ್ಲಿ ಫಾಮಾಸ್ ಬದಲು ಮಾಮೂಲಿ ಆಕಾರದ ಜರ್ಮನ್ ಕೋವಿ ಆರಿಸಿಕೊಂಡಿತು. ಚೀನಾ 2019ರ ಪರೇಡಿನಲ್ಲಿ ಮಾಮೂಲಿ ಆಕಾರದ ಹೊಸ ಕೋವಿ ತೋರಿಸಿತು. ಬ್ರಿಟನ್ 2023ರಲ್ಲಿ ತನ್ನ ಕೆಲವು ವಿಶೇಷ ದಳಗಳಿಗೆ ಅಂಥದ್ದನ್ನೇ ಆರಿಸಿತು. ಬಟ್ಟನ್ನು ಸೈನಿಕನ ತೋಳಿಗೆ ತಕ್ಕಂತೆ ಉದ್ದ ಗಿಡ್ಡ ಮಾಡಬಹುದು, ಎಡಕ್ಕೂ ಬಲಕ್ಕೂ ಹಿಡಿಯಬಹುದು ಅನ್ನೋದು ಅದರ ಅನುಕೂಲ. ಬುಲ್‌ಪಪ್‌ನ ಬಟ್ಟಿನೊಳಗೇ ಯಂತ್ರ ಕೂತಿರೋದರಿಂದ ಅದನ್ನು ಹಾಗೆ ಗಿಡ್ಡ ಮಾಡೋದು ಕಷ್ಟ. ಅಂದರೆ ನೂರಿಪ್ಪತ್ತು ವರ್ಷದ ಪ್ರಯೋಗದ ನಂತರ ಸೈನ್ಯಗಳು ಕಂಡುಕೊಂಡದ್ದು ಇಷ್ಟು: ಜನರೆಲ್ಲ ಒಂದೇ ಅಳತೆಯವರಲ್ಲ.

ನಮ್ಮ ಹವಾಲ್ದಾರ್ ಸಾಹೇಬರು ಈಗ ಎಲ್ಲಿದ್ದಾರೋ ಗೊತ್ತಿಲ್ಲ. ಸಿಕ್ಕಿದರೆ ಕೋಪವಿಲ್ಲದೆ ಒಂದು ಮಾತು ಹೇಳಬೇಕು ಅಂತಿದೆ. ಸಾರ್, ಅವತ್ತು ಕೋವಿಯನ್ನು ಎಡ ಹೆಗಲಲ್ಲೇ ಬಿಟ್ಟಿದ್ದರೆ ಕಾಣೆಯಾದ ಆ ಎರಡು ಗುಂಡಾದರೂ ಸಿಗುತ್ತಿದ್ದವು!